ಏಳು ತಂತಿ ಏಳು ಸ್ವರಕ್ಕಂತೆ, ಹೌದಾ ಮಾಷ್ಟ್ರೇ?

ಪ್ರಶ್ನೆ: ಪಿಟೀಲು ಚೌಡಯ್ಯನವರು ಸಪ್ತಸ್ವರಕ್ಕೆ ಒಂದೊಂದರಂತೆ ಏಳು ತಂತಿ ಹಾಕಿಸಿಕೊಂಡಿದ್ದರಂತೆ. ಮಗಳಿಗೂ ಅಂಥದ್ದೇ ಪಿಟೀಲು ಕೊಡಿಸಿದರೆ ಬೇಗ ಕಲಿಯುತ್ತಾಳಾ?

ಏಳು ತಂತಿ ಇದ್ದದ್ದು ನಿಜ, ಸ್ವರಕ್ಕೊಂದು ಎನ್ನುವುದು ಸುಳ್ಳು. ಎರಡನೆಯದಕ್ಕೆ ಉತ್ತರ, ಇಲ್ಲ. ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಪ್ರತಿ ವಿಜಯದಶಮಿಗೆ ಹೊಸ ಮಕ್ಕಳು ಬರುತ್ತಾರೆ, ಅವರ ಹಿಂದೆಯೇ ಈ ಹಳೇ ಪ್ರಶ್ನೆಯೂ ಬರುತ್ತದೆ. ಕುಂಬಳೆಯಲ್ಲಿ ಕೇಳಿದ್ದಾರೆ, ಬದಿಯಡ್ಕದಲ್ಲಿ ಕೇಳಿದ್ದಾರೆ, ಮದುವೆ ಊಟದ ಪಂಕ್ತಿಯಲ್ಲೂ ಕೇಳಿದ್ದಾರೆ. ಈ ಸಲ ಬರೆದೇ ಇಡುತ್ತೇನೆ.

ಸಾಮಾನ್ಯ ಪಿಟೀಲಿಗೆ ನಾಲ್ಕು ತಂತಿ. ದಪ್ಪದ್ದರಿಂದ ಎಣಿಸಿದರೆ ಸ, ಪ, ಸ, ಪ. ಹಾಗಾದರೆ ರಿ ಎಲ್ಲಿ, ಗ ಎಲ್ಲಿ? ಬೆರಳಲ್ಲಿ. ಒಂದೇ ತಂತಿಯ ಮೇಲೆ ಬೆರಳು ಜಾರಿಸುತ್ತಾ ಹೋದರೆ ಏಳೂ ಸ್ವರ ಬರುತ್ತವೆ, ಮೇಲಿನ ಷಡ್ಜ, ಅಂದರೆ ಮೇಲಿನ ಸ, ಅದೂ ಬರುತ್ತದೆ. ಸ್ವರಕ್ಕೊಂದು ಬೋಗುಣಿ ಬೇಕಾಗುವುದು ಜಲತರಂಗಕ್ಕೆ.

ಹೋಗಲಿ, ನಿಮ್ಮ ಮಾತೇ ಸರಿ ಅಂತಿಟ್ಟುಕೊಳ್ಳೋಣ. ಸ್ವರಕ್ಕೊಂದು ತಂತಿ ಕಟ್ಟಿದೆವು. ಮಗಳು ಮಾಯಾಮಾಳವಗೌಳ ರಾಗದ ಸರಳೆ ವರಸೆ, ಅಂದರೆ ಮೊದಲ ಪಾಠ, ಮುಗಿಸಿದಳು. ಮುಂದೆ ಕಲ್ಯಾಣಿ ರಾಗ. ಅಲ್ಲಿ ರಿ, ಮ, ಧ ಮೂರೂ ಬೇರೆ. ಈಗ ಏನು, ಮೂರು ತಂತಿ ಸಡಿಲ ಮಾಡಿ ಮತ್ತೆ ಶ್ರುತಿ ಮಾಡುತ್ತಾ ಕೂರಬೇಕಾ? ತೋಡಿ ರಾಗದ ಗಾಂಧಾರಕ್ಕೆ, ಅಂದರೆ ಗ ಸ್ವರಕ್ಕೆ, ಏನು ಮಾಡುತ್ತೀರಿ? ಅದು ಒಂದು ಕಡೆ ಸುಮ್ನೆ ಕೂರುವ ಸ್ವರವೇ ಅಲ್ಲ. ಅದಕ್ಕೆ ಅಂತ ಒಂದು ತಂತಿ ಕಟ್ಟಿಟ್ಟರೆ ಅದು ತೋಡಿ ಹೇಗಾಗುತ್ತದೆ?

ಇಷ್ಟು ಹೇಳಿದ ಮೇಲೂ ಒಬ್ಬರು, “ವೀಣೆಯಲ್ಲೂ ಏಳೇ ತಂತಿ ಅಲ್ವಾ ಮಾಷ್ಟ್ರೇ!” ಎಂದರು. ಏಳೇ, ಒಪ್ಪಿದೆ. ಅದರಲ್ಲಿ ನಾಲ್ಕು ನುಡಿಸುವುದಕ್ಕೆ, ಮೂರು ತಾಳಕ್ಕೆ. ಏಳು ಕಂಡಲ್ಲೆಲ್ಲ ಸಪ್ತಸ್ವರ ಹುಡುಕಿದರೆ ವಾರದ ದಿನಗಳಿಗೂ ಶ್ರುತಿ ಮಾಡಬೇಕಾದೀತು.

ಚೌಡಯ್ಯನವರ ಏಳು ತಂತಿಗೆ ನಿಜವಾದ ಕಾರಣ ತುಂಬಾ ಸರಳ. ಪಿಟೀಲು ಕೇಳಿಸುತ್ತಿರಲಿಲ್ಲ. ಚೌಡಯ್ಯನವರು (1895–1967) ಹುಟ್ಟಿದ್ದು ಮೈಸೂರು ಕಡೆಯ ತಿರುಮಕೂಡಲಿನಲ್ಲಿ. ಅವರ ಗುರು ಬಿಡಾರಂ ಕೃಷ್ಣಪ್ಪನವರು ನಮ್ಮ ಕರಾವಳಿಯವರೇ, ನಂದಳಿಕೆಯವರು. ಈ ಮಾತು ಹೇಳುವಾಗ ನನಗೆ ಸ್ವಲ್ಪ ಹೆಮ್ಮೆ, ಇರಲಿ. ಮೈಕ್ ಇಲ್ಲದ ಕಾಲದಲ್ಲಿ ದೊಡ್ಡ ಸಭೆಗೆ ಹಾಡುವುದೆಂದರೆ ಏನು ಅಂತ ಬಯಲಾಟ ನೋಡಿ ಬೆಳೆದ ನಮಗೆ ವಿವರಿಸಬೇಕಾಗಿಲ್ಲ. ಆಟದ ಭಾಗವತರ ಹಾಗೆ ಕಚೇರಿಯಲ್ಲಿ ಹಾಡುವವರೂ ಗಂಟಲು ಎತ್ತಿ ಹಿಂದಿನ ಸಾಲಿಗೆ ಮುಟ್ಟಿಸುತ್ತಿದ್ದರು. ಪಿಟೀಲು ಏನು ಮಾಡಬೇಕು? ಗಾಯಕ ಚೆಂಬೈ ವೈದ್ಯನಾಥ ಭಾಗವತರಂಥ ಗಟ್ಟಿ ಶಾರೀರದವರ ಪಕ್ಕ ಕೂತು ಚೌಡಯ್ಯನವರು ಎಷ್ಟೋ ಕಚೇರಿ ನುಡಿಸಿದ್ದಾರೆ. ಪಕ್ಕವಾದ್ಯ ಪಕ್ಕದವರಿಗೆ ಮಾತ್ರ ಕೇಳಿದರೆ ಸಾಕಾ?

1927ರ ಹೊತ್ತಿಗೆ ಅವರು ಇದಕ್ಕೊಂದು ದಾರಿ ಕಂಡುಕೊಂಡರು. ಮೂರು ತಂತಿಗೆ ಒಂದೊಂದು ಜೊತೆ ತಂತಿ ಕಟ್ಟಿದರು. ಮೂರು ಜೋಡಿ, ಒಂದು ಒಂಟಿ. ಲೆಕ್ಕ ಮಾಡಿ, ಏಳಾಯಿತು. ಒಂದು ಬೆರಳಿನ ಕೆಳಗೆ ಎರಡು ತಂತಿ, ಕಮಾನಿನ ಒಂದೇ ಎಳೆತಕ್ಕೆ ಎರಡೂ ನುಡಿಯುತ್ತವೆ. ನಾದ ದಪ್ಪಗಾಯಿತು, ಹಿಂದಿನ ಸಾಲಿನವರೆಗೂ ಹೋಯಿತು. 1957ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿ ಅವರಿಗೆ ಸಂಗೀತ ಕಲಾನಿಧಿ ಬಿರುದು ಕೊಟ್ಟಿತು. ಕೊಟ್ಟದ್ದು ತಂತಿ ಎಣಿಸಿ ಅಲ್ಲ.

ಮತ್ತೆ ಆ ಏಳು ತಂತಿಯ ಪಿಟೀಲು ಯಾಕೆ ಎಲ್ಲರ ಕೈಗೆ ಬರಲಿಲ್ಲ? ಮೈಕ್ ಬಂತು. ಈಗ ದೇವಸ್ಥಾನದ ಸಭೆಯಲ್ಲಿ ಮೊಬೈಲಿನ ತಂಬೂರಿಗೂ ಒಂದು ಮೈಕ್ ಇಡುತ್ತಾರೆ. ಮೇಲಾಗಿ ಜೋಡಿ ತಂತಿಯಲ್ಲಿ ಒಂದು ಕೂದಲೆಳೆ ಇಳಿದರೂ ಕಿವಿಗೆ ಕರ್ಕಶ. ನಮ್ಮ ಆಟಿ ತಿಂಗಳ ಮಳೆಯಲ್ಲಿ ಮರ ಉಬ್ಬಿ ನಾಲ್ಕು ಬಿರಡೆ ತಿರುಗಿಸುವುದೇ ಒಂದು ಕಸರತ್ತು. ಏಳು ಬಿರಡೆ ಬೇಕಾ ನಿಮಗೆ?

ಇನ್ನೊಂದು ವಿಷಯ. ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಕೇರಳದ ಶಾಲಾ ಮಕ್ಕಳ ಕಲೋತ್ಸವದಲ್ಲಿ ವಯಲಿನ್‌ಗೆ, ಅಂದರೆ ಪಿಟೀಲಿಗೆ, ಎರಡು ಸ್ಪರ್ಧೆ ಇರುವುದು ನಿಮಗೆ ಗೊತ್ತು, ಪೌರಸ್ತ್ಯ (ಅಂದರೆ ನಮ್ಮದು) ಮತ್ತು ಪಾಶ್ಚಾತ್ಯ. 2019ರಲ್ಲಿ ರಾಜ್ಯ ಕಲೋತ್ಸವ ನಮ್ಮ ಹೊಸದುರ್ಗದಲ್ಲಿ, ಅಂದರೆ ಕಾಞಂಗಾಡಿನಲ್ಲಿ ನಡೆದಾಗ, ಎರಡಕ್ಕೂ ಬೇರೆ ಬೇರೆ ವಾದ್ಯ ಅಂತ ನಂಬಿದ್ದ ಒಬ್ಬ ತಂದೆಯನ್ನು ನೋಡಿದ್ದೇನೆ. ವಾದ್ಯ ಒಂದೇ. ಪಾಶ್ಚಾತ್ಯ ನುಡಿಸುವವರು ಗಲ್ಲದ ಕೆಳಗೆ ಹಿಡಿಯುತ್ತಾರೆ. ನಾವು ಚಕ್ಕಳಮಕ್ಕಳ ಕೂತು ಅದರ ತಲೆಯನ್ನು ಬಲ ಪಾದದ ಮೇಲೆ ಊರುತ್ತೇವೆ. ಹಾಗೆ ಊರಿದಾಗ ಎಡಗೈಗೆ ವಾದ್ಯ ಹೊರುವ ಕೆಲಸ ಇಲ್ಲ, ಬೆರಳು ಆರಾಮಾಗಿ ಜಾರುತ್ತದೆ. ತೋಡಿಯ ಗಾಂಧಾರ ಬರುವುದು ಆ ಜಾರಿಕೆಯಿಂದ. ವಾಗ್ಗೇಯಕಾರ ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಮದರಾಸಿನಲ್ಲಿ ಯುರೋಪಿನವರಿಂದ ಕಲಿತ ವಾದ್ಯ ಇದು. ತಿರುವಾಂಕೂರಿನಲ್ಲಿ ಸ್ವಾತಿ ತಿರುನಾಳ್ ಮಹಾರಾಜರು 1834ರಲ್ಲಿ ತಮ್ಮ ಆಸ್ಥಾನದ ವಿದ್ವಾಂಸ ವಡಿವೇಲು ಅವರಿಗೆ ದಂತದ ಪಿಟೀಲನ್ನೇ ಕೊಟ್ಟರು. ಅಷ್ಟರೊಳಗೆ ಅದು ನಮ್ಮದಾಗಿತ್ತು.

ನಿಮ್ಮ ಮಗಳ ವಿಷಯಕ್ಕೆ ಬರೋಣ. ನಾಲ್ಕು ತಂತಿಯ ಒಂದು ಸೆಟ್ ತನ್ನಿ. ತೆಳು ತಂತಿ ಮಾತ್ರ ಒಂದು ಜಾಸ್ತಿ ಇರಲಿ. ಮೊದಲು ತುಂಡಾಗುವುದು ಅದೇ.