ಕಿಲೌಯೆಯ ಕಾಡಿಗೆ ಲಾವಾಗಿಂತ ಮೇಕೆ ಕಾಟವೇ ಜಾಸ್ತಿ

ಹವಾಯಿಯ ಕಿಲೌಯೆ ಜ್ವಾಲಾಮುಖಿ ಉಕ್ಕಿದಾಗಲೆಲ್ಲ ಅದರ ವಿಡಿಯೊಗಳು ನಮ್ಮ ಫೋನಿಗೂ ಬರುತ್ತವೆ. 2018ರಲ್ಲಂತೂ ಅದರ ಶಿಖರದ ಕುಳಿಯ ತಳ ಸುಮಾರು 500 ಮೀಟರ್ ಕುಸಿದುಹೋಯಿತು. ಇಂಥ ಕಡೆ ಗಿಡಮರ, ಹಕ್ಕಿಗಳಿಗೆ ಲಾವಾನೇ ದೊಡ್ಡ ಶತ್ರು ಅನ್ನಿಸುತ್ತದೆ, ಅಲ್ವಾ? ಆದರೆ ಅವು ಲಾವಾ ಜೊತೆ ಬದುಕಲು ಎಂದೋ ಕಲಿತಿವೆ. ಆರಿದ ಕಲ್ಲಿನ ಬಿರುಕಿನಲ್ಲಿ ಎಲ್ಲಕ್ಕಿಂತ ಮೊದಲು ಬೇರೂರುವ ಮರಗಳಲ್ಲಿ ಓಹಿಯಾ ಒಂದು. ಅದರ ಕೆಂಪು ಹೂವಿಗೆ ಅಪಾಪಾನೆ ಎಂಬ ಪುಟ್ಟ ಕೆಂಪು ಹಕ್ಕಿ ಬರುತ್ತದೆ. ಲಾವಾ ಸುತ್ತುವರಿದು ಉಳಿಸಿದ ಹಳೆ ಕಾಡಿನ ತುಂಡಿಗೆ ಅಲ್ಲಿನವರು ಕೀಪುಕ ಅನ್ನುತ್ತಾರೆ. ಸುತ್ತಲಿನ ಹೊಸ ನೆಲಕ್ಕೆ ಅಲ್ಲಿಂದಲೇ ಬೀಜ ಹರಡುತ್ತದೆ.

ಈ ಕಾಡು ಕಂಡಿರದಿದ್ದದ್ದು ಗೊರಸಿನ ಪ್ರಾಣಿಯನ್ನು. ಜನ ಬರುವ ಮೊದಲು ಹವಾಯಿಯ ನೆಲದ ಮೇಲೆ ಬಾವಲಿ ಬಿಟ್ಟರೆ ಬೇರೆ ಸಸ್ತನಿ ಇರಲಿಲ್ಲ. ಮೇಯುವ ಸಸ್ತನಿಯೇ ಇಲ್ಲದ ಕಡೆ ಗಿಡಗಳಿಗೆ ಮುಳ್ಳು ಯಾಕೆ ಬೇಕು? 1778ರಲ್ಲಿ ಕ್ಯಾಪ್ಟನ್ ಕುಕ್ ತಂದ ಮೇಕೆಗಳು ಈ ದ್ವೀಪಗಳಿಗೆ ಇಳಿದವು. ಕಾಡು ಸೇರಿದ ಮೇಕೆಗಳು ಬಂಡೆಯಿಂದ ಬಂಡೆಗೆ ಹತ್ತಿ ಎಳೆ ಚಿಗುರನ್ನೆಲ್ಲ ಮೇಯ್ದವು. ಹಳೆ ಮರ ಸತ್ತರೆ ಅದರ ಜಾಗಕ್ಕೆ ಸಸಿಯೇ ಇಲ್ಲ ಎನ್ನುವ ಸ್ಥಿತಿ ಬಂತು.

1916ರಲ್ಲಿ ಇಲ್ಲಿ ರಾಷ್ಟ್ರೀಯ ಉದ್ಯಾನ ಆಯಿತು. 1920ರ ದಶಕದಿಂದ 1970ರವರೆಗೆ ಸುಮಾರು 70,000 ಮೇಕೆಗಳನ್ನು ಹಿಡಿದು, ಕೊಂದು ತೆಗೆದರು. ಆದರೂ ಹತ್ತು ಸಾವಿರಕ್ಕೂ ಜಾಸ್ತಿ ಉಳಿದಿದ್ದವು! ಒಳಗೆ ಮರಿ ಹಾಕುತ್ತಿದ್ದವು, ಹೊರಗಿನಿಂದಲೂ ಬರುತ್ತಿದ್ದವು. ಕೆಲಸಕ್ಕೆ ಬಂದದ್ದು ಬೇಲಿ. ಮೇಕೆ ನುಗ್ಗದಂತೆ ಬೇಲಿ ಹಾಕಿದ ಒಂದು ಸಣ್ಣ ಜಾಗದಲ್ಲಿ, ವಿಜ್ಞಾನಿಗಳು ಅಲ್ಲಿಯವರೆಗೆ ಕಂಡೇ ಇರದ ಅವರೆ ಜಾತಿಯ ಬಳ್ಳಿಯೊಂದು ಚಿಗುರಿತು. ನನಗೆ ಈ ಇಡೀ ಇತಿಹಾಸದಲ್ಲಿ ತುಂಬಾ ಇಷ್ಟವಾದ ಸಂಗತಿ ಇದು. 1970ರ ದಶಕದಲ್ಲಿ ಉದ್ದಕ್ಕೂ ಬೇಲಿ ಎದ್ದಿತು. ಅಡಗಿದ್ದ ಕೊನೆಯ ಮೇಕೆಗಳನ್ನು ಹುಡುಕಲು ಒಂದು ಮೇಕೆಯ ಕೊರಳಿಗೆ ರೇಡಿಯೊ ಕಟ್ಟಿ ಬಿಡುತ್ತಿದ್ದರು. ಒಂಟಿಯಾಗಿರಲಾರದ ಅದು ಹಿಂಡಿದ್ದ ಕಡೆಗೇ ಹೋಗುತ್ತಿತ್ತು.

ಮುಂಗುಸಿಯದು ನಮ್ಮ ದೇಶದಿಂದಲೇ ಹೊರಟ ಕತೆ. 1872ರಲ್ಲಿ ಕಲ್ಕತ್ತಾದಿಂದ ಜಮೈಕಾಕ್ಕೆ ಹೋದ ಮುಂಗುಸಿಗಳ ಸಂತತಿಯನ್ನು 1883ರಲ್ಲಿ ಹವಾಯಿಗೆ ತಂದರು. ಕಬ್ಬಿನ ಗದ್ದೆಯ ಇಲಿ ಹಿಡಿಯಲಿ ಅಂತ. ಇಲಿ ಓಡಾಡುವುದು ರಾತ್ರಿ, ಮುಂಗುಸಿ ಬೇಟೆಯಾಡುವುದು ಹಗಲು. ಪೆಟ್ಟು ಬಿದ್ದದ್ದು ನೆಲದ ಮೇಲೆ ಗೂಡು ಕಟ್ಟುವ ನೇನೆ ಎಂಬ ಹೆಬ್ಬಾತಿಗೆ. ಮರಿ ಸಾಕುವ ಹೊತ್ತಿಗೇ ಗರಿ ಉದುರಿ ತಾಯಿತಂದೆಯೂ ಕೆಲವು ವಾರ ಹಾರಲಾರವು. ಬೇಟೆಗಾರರ ಕಾಟವೂ ಸೇರಿ 1950ರ ಸುಮಾರಿಗೆ ಕಾಡಿನಲ್ಲಿ ಉಳಿದದ್ದು ಬರೀ ಮೂವತ್ತರಷ್ಟು ಹಕ್ಕಿ. ಹವಾಯಿಯಲ್ಲೂ, ಇಂಗ್ಲೆಂಡಿನ ಸ್ಲಿಂಬ್ರಿಜ್‌ನಲ್ಲೂ ಮರಿ ಮಾಡಿಸಿ ಕಾಡಿಗೆ ಬಿಟ್ಟರು. 2019ರಲ್ಲಿ ಅಮೆರಿಕ ಸರ್ಕಾರ ನೇನೆಯನ್ನು ಅಳಿವಿನಂಚಿನ ಪಟ್ಟಿಯಿಂದ ಅದಕ್ಕಿಂತ ಕಡಿಮೆ ಅಪಾಯದ ಪಟ್ಟಿಗೆ ಇಳಿಸಿತು. ಇಂದಿಗೂ ಅವು ಜಾಸ್ತಿ ಇರುವುದು ಮುಂಗುಸಿ ನೆಲೆಯೂರದ ಕವಾಯಿ ದ್ವೀಪದಲ್ಲೇ.

ಈಗ ಓಹಿಯಾ ಮರಕ್ಕೇ ಕುತ್ತು. 2014ರಲ್ಲಿ ಗುರುತಿಸಿದ ಒಂದು ಶಿಲೀಂಧ್ರ ತೊಗಟೆಯ ಗಾಯದಿಂದ ಒಳಹೊಕ್ಕು ಮರವನ್ನು ಒಣಗಿಸುತ್ತದೆ. ಕಾಡುಹಂದಿ, ದನಗಳು ಉಜ್ಜಿ ಸೀಳಿದ ಕಾಂಡವೂ ಅದಕ್ಕೆ ದಾರಿ. ಬೇಲಿ ಇರುವ ಕಡೆ ಮರಗಳು ಕಡಿಮೆ ಸಾಯುತ್ತಿವೆ. ಹಾಗಾಗಿ ಬೇಲಿ ಕಾಯುವ ಕೆಲಸ ಮುಗಿದಿಲ್ಲ. ಶಿಲೀಂಧ್ರ ಬೇರೆಡೆಗೆ ಹರಡದಂತೆ ಕಾಡಿಗೆ ಹೋಗಿಬರುವವರು ಬೂಟಿನ ಮಣ್ಣು ಉಜ್ಜಿ ಸ್ವಚ್ಛ ಮಾಡಿಕೊಳ್ಳಬೇಕು.