ಆಂಜಿಯೋಗ್ರಾಂ ಕ್ಲೀನ್ ಇದೆ, ಮತ್ತೆ ಎದೆನೋವು ಯಾಕೆ?

ಒಂದು ವಾರದ ಹಿಂದೆ ಜ್ವರ, ಗಂಟಲು ನೋವು. ವಾಸಿಯಾಯಿತು ಅನ್ನುವಷ್ಟರಲ್ಲಿ ಎದೆ ಹಿಂಡುವಂಥ ನೋವು. ಹುಡುಗನಿಗೆ ಇನ್ನೂ ಇಪ್ಪತ್ತೈದು ದಾಟಿಲ್ಲ. ಬಿಪಿ ಇಲ್ಲ, ಶುಗರ್ ಇಲ್ಲ. ಇಸಿಜಿಯಲ್ಲಿ ಏರುಪೇರು, ರಕ್ತದಲ್ಲಿ ಟ್ರೋಪೋನಿನ್ ಜಾಸ್ತಿ. ಹಾರ್ಟ್ ಅಟ್ಯಾಕ್ ಇರಬಹುದೆಂದು ಆಂಜಿಯೋಗ್ರಾಂ ಮಾಡಿದರೆ ಒಂದೂ ಬ್ಲಾಕ್ ಇಲ್ಲ. ಹೊರಗೆ ಕಾಯುತ್ತಿದ್ದ ಮನೆಯವರಿಗೆ ಹೋದ ಜೀವ ಬಂದಂತಾಗುತ್ತದೆ.

ಆದರೆ ಟ್ರೋಪೋನಿನ್ ಸುಮ್ನೆ ಏರುವುದಿಲ್ಲ. ಅದು ಹೃದಯದ ಸ್ನಾಯುಕೋಶದ ಒಳಗೇ ಇರಬೇಕಾದ ಪ್ರೋಟೀನ್. ರಕ್ತಕ್ಕೆ ಬಂದಿದೆ ಎಂದರೆ ಕೋಶಗಳಿಗೆ ಪೆಟ್ಟು ಬಿದ್ದಿದೆ. ಆಂಜಿಯೋಗ್ರಾಂ ತೋರಿಸುವುದು ರಕ್ತನಾಳಗಳನ್ನು ಮಾತ್ರ, ಸ್ನಾಯುವನ್ನಲ್ಲ. ಇಂಥ ಹೊತ್ತಿನಲ್ಲಿ ಡಾಕ್ಟರಿಗೆ ಬರುವ ಅನುಮಾನಗಳಲ್ಲಿ ಮುಖ್ಯವಾದದ್ದು ಮಯೋಕಾರ್ಡೈಟಿಸ್, ಅಂದರೆ ಹೃದಯದ ಸ್ನಾಯುವಿನ ಉರಿಯೂತ. ಹೆಚ್ಚಾಗಿ ವೈರಸ್ ಸೋಂಕಿನ ಬೆನ್ನಿಗೇ ಬರುತ್ತದೆ. ಕೆಲವು ಕ್ಯಾನ್ಸರ್ ಔಷಧಗಳಿಂದಲೂ ಬರಬಹುದು.

ಇದನ್ನು ಖಚಿತ ಮಾಡಿಕೊಳ್ಳುವ ಹಳೆಯ ದಾರಿ ಬಯಾಪ್ಸಿ. ಕುತ್ತಿಗೆ ಅಥವಾ ತೊಡೆಸಂದಿನ ರಕ್ತನಾಳದಿಂದ ಪುಟ್ಟ ಚಿಮಟ ಕಳಿಸಿ, ಹೃದಯದ ಒಳಗೋಡೆಯಿಂದ ಚೂರು ಕಿತ್ತು ತರುತ್ತಾರೆ. ಉರಿಯೂತ ಅಲ್ಲೊಂದು ಇಲ್ಲೊಂದು ಕಡೆ ತೇಪೆಯಂತೆ ಇರುವುದರಿಂದ, ಚೂರು ಪಕ್ಕದ ಜಾಗದ್ದಾದರೆ ಕಾಯಿಲೆ ಸಿಗುವುದೇ ಇಲ್ಲ. ರೋಗಿಯ ಸ್ಥಿತಿ ತೀರಾ ಗಂಭೀರವಾಗಿದ್ದರೆ ಇಂದಿಗೂ ಬಯಾಪ್ಸಿ ಬೇಕು. ಉಳಿದವರಲ್ಲಿ ಬಹಳಷ್ಟು ಜನರಿಗೆ ಈಗ ಹೃದಯದ ಎಂಆರ್‌ಐ ಸಾಕಾಗುತ್ತದೆ.

ಎಂಆರ್‌ಐ ಹುಡುಕುವುದು ಮುಖ್ಯವಾಗಿ ನೀರನ್ನು. 1.5 ಟೆಸ್ಲಾ ಯಂತ್ರದ ಕಾಂತಶಕ್ತಿ ಭೂಮಿಯದಕ್ಕಿಂತ ಸುಮಾರು 30,000 ಪಟ್ಟು ಹೆಚ್ಚು. ಅದರೊಳಗೆ ರೇಡಿಯೋ ತರಂಗ ಬಿಟ್ಟಾಗ ನಮ್ಮ ಮೈಯ ನೀರಿನಲ್ಲಿರುವ ಹೈಡ್ರೋಜನ್ ಕಣಗಳು ಅಲುಗಾಡುತ್ತವೆ, ಆಮೇಲೆ ಸಂಕೇತ ಬಿಡುತ್ತಾ ಶಾಂತವಾಗುತ್ತವೆ. ಆ ಸಂಕೇತ ಎಷ್ಟು ಹೊತ್ತಿನಲ್ಲಿ ಆರುತ್ತದೆ ಎಂಬುದೇ ಟಿ2. ಆರೋಗ್ಯವಂತ ಹೃದಯಸ್ನಾಯುವಿನಲ್ಲಿ ಇದು ಸುಮಾರು 50 ಮಿಲಿಸೆಕೆಂಡ್. ಬಾತುಕೊಂಡ ಕಡೆ ನೀರು ಜಾಸ್ತಿ, ಹಾಗಾಗಿ ಟಿ2 ಕೂಡ ಜಾಸ್ತಿ. ಯಂತ್ರದಿಂದ ಯಂತ್ರಕ್ಕೆ ಈ ಅಂಕಿ ಬದಲಾಗುತ್ತದೆ. ಅದಕ್ಕೇ ಪ್ರತಿ ಕೇಂದ್ರವೂ ತನ್ನ ನಾರ್ಮಲ್ ಎಷ್ಟೆಂದು ಗೊತ್ತು ಮಾಡಿಕೊಂಡಿರಬೇಕು.

ತೊಂದರೆ ಏನೆಂದರೆ, ಹೃದಯ ಒಂದು ಕ್ಷಣವೂ ಸುಮ್ಮನಿರುವುದಿಲ್ಲ. ಅದಕ್ಕೇ ಎದೆಗೆ ಇಸಿಜಿ ವೈರ್ ಅಂಟಿಸಿ, ಪ್ರತಿ ಬಡಿತದ ಅದೇ ಗಳಿಗೆಯಲ್ಲಿ ಚಿತ್ರ ತೆಗೆಯುತ್ತಾರೆ. ಕಿವಿಯ ಹೆಡ್‌ಫೋನ್‌ನಲ್ಲಿ “ಉಸಿರು ಬಿಡಿ, ಹಾಗೇ ಹಿಡ್ಕೊಳ್ಳಿ” ಎಂಬ ದನಿ. ಹತ್ತು ಹದಿನೈದು ಸೆಕೆಂಡ್ ಟಕಟಕ ಸದ್ದು. ಮತ್ತೆ ಉಸಿರಾಟ, ಮತ್ತೆ ಹಿಡಿತ. ಮುಕ್ಕಾಲು ಗಂಟೆ ಇದೇ. ಎದೆನೋವಿನಲ್ಲಿ ಬಳಲಿದವರಿಗೆ ಇದು ಸಣ್ಣ ಶ್ರಮವಲ್ಲ.

ನಡುವೆ ಗ್ಯಾಡೋಲಿನಿಯಂ ಔಷಧದ ಇಂಜೆಕ್ಷನ್ ಕೊಡುತ್ತಾರೆ. ಜೀವಂತ ಕೋಶದೊಳಕ್ಕೆ ಇದಕ್ಕೆ ಪ್ರವೇಶವಿಲ್ಲ. ಕೋಶ ಒಡೆದ ಕಡೆ, ಕಲೆಗಟ್ಟಿದ ಕಡೆ ತುಂಬಿಕೊಂಡು ಹೊರಡಲು ತಡ ಮಾಡುತ್ತದೆ. ಹತ್ತು ನಿಮಿಷ ಬಿಟ್ಟು ನೋಡಿದರೆ ಒಳ್ಳೆಯ ಸ್ನಾಯು ಕಪ್ಪು, ಪೆಟ್ಟಾದದ್ದು ಬಿಳುಪು.

ಆ ಬಿಳುಪು ಎಲ್ಲಿದೆ ಎನ್ನುವುದರಲ್ಲೇ ಉತ್ತರವಿದೆ. ಹೃದಯಕ್ಕೆ ರಕ್ತ ಕೊಡುವ ನಾಳಗಳು ಅದರ ಹೊರಮೈ ಮೇಲೆ ಹರಿದು ಒಳಕ್ಕೆ ಇಳಿಯುತ್ತವೆ. ಗೋಡೆಯ ಒಳಪದರ ಕಾಲುವೆಯ ಕೊನೆ ಭಾಗದ ಗದ್ದೆ ಇದ್ದಂತೆ. ನೀರು ನಿಂತರೆ ಮೊದಲು ಒಣಗುವುದು ಅದೇ ಅಲ್ವಾ? ಹಾರ್ಟ್ ಅಟ್ಯಾಕ್‌ನ ಬಿಳುಪು ಒಳಪದರದಿಂದ ಶುರುವಾಗುತ್ತದೆ. ಉರಿಯೂತಕ್ಕೆ ಕಾಲುವೆಯ ಹಂಗಿಲ್ಲ. ಅದರ ಬಿಳುಪು ಸಾಮಾನ್ಯವಾಗಿ ಹೊರಪದರದಲ್ಲಿ ಅಥವಾ ಗೋಡೆಯ ನಡುವೆ ಗೆರೆಯಂತೆ ಕಾಣುತ್ತದೆ. ಒಳಪದರ ಕಪ್ಪಗೇ ಉಳಿದಿರುತ್ತದೆ. ಇಷ್ಟು ಸ್ಪಷ್ಟವಾಗಿ ಎರಡು ಕಾಯಿಲೆಗಳನ್ನು ಬೇರೆ ಮಾಡಿ ತೋರಿಸುವ ಚಿತ್ರ ವೈದ್ಯಕೀಯದಲ್ಲಿ ಅಪರೂಪ ಎಂದೇ ನನಗನಿಸುತ್ತದೆ.

ಚಿತ್ರ ಓದಲು ಒಂದು ಒಪ್ಪಿತ ಅಳತೆಗೋಲೂ ಇದೆ. ಕೆನಡಾದ ಲೇಕ್ ಲೂಯಿಸ್ ಎಂಬ ಊರಿನ ಹೆಸರು ಹೊತ್ತ ಮಾನದಂಡ 2009ರಲ್ಲಿ ಪ್ರಕಟವಾಯಿತು, 2018ರಲ್ಲಿ ಪರಿಷ್ಕರಣೆಯಾಯಿತು. ಈಗ ಎರಡು ಸಾಕ್ಷಿ ಕೇಳುತ್ತಾರೆ. ಒಂದು ಬಾವು ಇದೆ ಎನ್ನುವುದಕ್ಕೆ, ಇನ್ನೊಂದು ಸ್ನಾಯುವಿಗೆ ಪೆಟ್ಟಾಗಿದೆ ಎನ್ನುವುದಕ್ಕೆ. ಎರಡೂ ಸಿಕ್ಕರೆ ಉರಿಯೂತ ಹೆಚ್ಚುಕಡಿಮೆ ಖಚಿತ.

ಯಾವ ವೈರಸ್ ಎಂದು ಎಂಆರ್‌ಐ ಹೇಳಲಾರದು. ಕಿಡ್ನಿ ತೀರಾ ಸೋತವರಿಗೆ ಗ್ಯಾಡೋಲಿನಿಯಂ ಕೊಡುವಾಗ ಎಚ್ಚರ ಬೇಕು. ಎಲ್ಲಕ್ಕಿಂತ ಮುಖ್ಯ, ತಡ ಮಾಡಬಾರದು. ವಾರಗಳು ಕಳೆದಂತೆ ಬಾವು ಇಳಿಯುತ್ತದೆ, ಅದರೊಂದಿಗೆ ಒಂದು ಸಾಕ್ಷಿಯೂ ಹೋಗುತ್ತದೆ.

ಪತ್ತೆಯಾದ ಮೇಲೆ ಆಟಗಾರರಿಗೆ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಓಟ, ಜಿಮ್ ಬಂದ್. ಆಮೇಲೆ ಮತ್ತೊಮ್ಮೆ ಸ್ಕ್ಯಾನ್. ಹಲವರಲ್ಲಿ ಟಿ2 ಮೊದಲಿನ ಅಂಕಿಗೆ ಬಂದು, ಬಿಳಿ ಗೆರೆ ಸಣ್ಣದಾಗಿರುತ್ತದೆ. ಕೆಲವರಲ್ಲಿ ಗೆರೆ ಹಾಗೇ ಉಳಿದಿರುತ್ತದೆ. ಅಂಥ ಕಲೆಯಿಂದ ಬಡಿತದ ಲಯ ತಪ್ಪಬಹುದು. ಹಾಗಾಗಿ ಮೈದಾನಕ್ಕೆ ಬಿಡುವ ಮೊದಲು ದಿನವಿಡೀ ಬಡಿತ ದಾಖಲಿಸುವ ಹೋಲ್ಟರ್ ಎಂಬ ಪುಟ್ಟ ಇಸಿಜಿ ಯಂತ್ರವನ್ನು ಒಂದು ದಿನ ಕಟ್ಟಿ, ಟ್ರೆಡ್‌ಮಿಲ್ ಮೇಲೆ ಓಡಿಸಿ ನೋಡುತ್ತಾರೆ.