ಗಾಡಿ ಬಿದ್ದರೆ ಮೊದಲು ಯಾವುದು ನೆಲಕ್ಕೆ ತಾಗಬೇಕು?

ಸ್ಕೂಟರ್ ಕಲಿಯುವವರ ಗಾಡಿ ಓಡುವಾಗ ಬೀಳುವುದು ಕಡಿಮೆ, ನಿಂತಾಗ ಬೀಳುವುದೇ ಜಾಸ್ತಿ. ಬೆಳಗಾವಿಯ ಟಿಳಕವಾಡಿ, ಅನಗೋಳ, ವಡಗಾವಿ ಕಡೆಯಿಂದ ನಮ್ಮ ಗ್ಯಾರೇಜಿಗೆ ಬರುವ ಹೊಸಬರ ಗಾಡಿಗಳ ಮೇಲಿನ ಗೀರು ನೋಡಿದರೆ ಹೇಗೆ ಬಿತ್ತು ಅಂತ ಸುಮಾರಾಗಿ ಗೊತ್ತಾಗುತ್ತದೆ. ಎಡಗಡೆ ಲಿವರ್ ತುದಿ ಮುರಿದು, ಮಿರರ್ ತಿರುಗಿ, ಕೆಳಗಿನ ಅಂಚು ಮಾತ್ರ ಉಜ್ಜಿದ್ದರೆ ಮನೆ ಗೇಟಿನ ಮುಂದೆ ಹ್ಯಾಂಡಲ್ ಪೂರ್ತಿ ತಿರುಗಿಸಿ ಬ್ರೇಕ್ ಹಿಡಿದಾಗ ಬಿದ್ದದ್ದು. ಬಲಗಡೆ ಉದ್ದಕ್ಕೆ ಗೀರು ಬಿದ್ದಿದ್ದರೆ ಎಕ್ಸಲರೇಟರ್ ಜಾಸ್ತಿಯಾಗಿ ಗಾಡಿ ಕೈತಪ್ಪಿ ಹೋದದ್ದು.

ಬಂದವರು ಕೇಳುವುದು ಒಂದೇ ಮಾತು: "ಗಾರ್ಡ್ ಹಾಕಿಸಿದರೆ ಏನೂ ಆಗೋದಿಲ್ಲ ಅಲ್ವಾ?" ಆಗುತ್ತದೆ. ಗಾರ್ಡ್, ಅಂದರೆ ಗಾಡಿಯ ಸುತ್ತ ಹಾಕುವ ಪೈಪಿನ ಕಟ್ಟು, ಇದ್ದರೂ ಗಾಡಿಯ ಯಾವುದೋ ಒಂದು ಭಾಗ ನೆಲಕ್ಕೆ ತಾಗಲೇಬೇಕು. ಅದು ನೂರಿನ್ನೂರು ರೂಪಾಯಿಯ ಭಾಗವೋ, ಸಾವಿರಾರು ರೂಪಾಯಿಯ ಪ್ಯಾನೆಲ್ಲೋ ಅನ್ನುವುದನ್ನು ಮಾತ್ರ ನಾವು ಮೊದಲೇ ತೀರ್ಮಾನಿಸಬಹುದು. ಹೊಸಬರ ಗಾಡಿಯನ್ನು ಕಾಪಾಡುವುದು ಅಂದರೆ ನನ್ನ ಪ್ರಕಾರ ಇಷ್ಟೇ.

ಇದನ್ನು ತಿಳಿಯಲು ಒಂದು ದಾರ ಸಾಕು. ಗಾಡಿಯನ್ನು ನಡು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಹ್ಯಾಂಡಲ್ ನೇರ ಇಡಿ. ಹ್ಯಾಂಡಲ್ ತುದಿಯಿಂದ ಕಾಲಿಡುವ ಜಾಗದ ಹೊರ ಅಂಚಿಗೆ ದಾರ ಎಳೆದು ಹಿಡಿಯಿರಿ. ಆಮೇಲೆ ಅದೇ ಹ್ಯಾಂಡಲ್ ತುದಿಯಿಂದ ಹಿಂದಿನ ಸವಾರರ ಫುಟ್‌ರೆಸ್ಟ್‌ಗೆ ಹಿಡಿಯಿರಿ. ದಾರಕ್ಕಿಂತ ಹೊರಗೆ ಉಬ್ಬಿರುವುದು ಏನೇ ಇರಲಿ, ಬಿದ್ದಾಗ ಮೊದಲು ಉಜ್ಜುವುದು ಅದೇ. ಬಹುಪಾಲು ಸ್ಕೂಟರ್‌ಗಳಲ್ಲಿ ಲಿವರ್ ತುದಿ, ಮುಂದಿನ ಏಪ್ರನ್ನಿನ (ಸವಾರರ ಕಾಲಿನ ಮುಂದಿರುವ ಅಗಲ ಕವರ್) ಬದಿ, ಹಿಂದಿನ ಪ್ಯಾನೆಲ್ಲಿನ ಹೊಟ್ಟೆ, ಈ ಮೂರು ಸಿಗುತ್ತವೆ. ಬಲಗಡೆ ಇವುಗಳ ಜೊತೆ ಸೈಲೆನ್ಸರ್ ಕವರ್ ಸೇರುತ್ತದೆ. ಗಾರ್ಡ್ ಹಾಕಿಸಿದ ಮೇಲೆ ಮತ್ತೆ ದಾರ ಹಿಡಿದು ನೋಡಿ. ಪ್ಯಾನೆಲ್ ಈಗಲೂ ಹೊರಗೇ ಇದ್ದರೆ ಆ ಗಾರ್ಡ್ ಬರೀ ಶೋಗೆ.

ಗಾರ್ಡ್ ಆರಿಸುವಾಗ ಹೊಳಪು ನೋಡಬೇಡಿ, ಬೋಲ್ಟ್ ಎಲ್ಲಿ ಕೂರುತ್ತದೆ ಅಂತ ನೋಡಿ. ಒಳ್ಳೆಯ ಗಾರ್ಡ್ ಚಾಸಿಗೆ, ಅಂದರೆ ಒಳಗಿನ ಕಬ್ಬಿಣದ ಫ್ರೇಮಿಗೆ ಬಿಗಿಯಾಗುತ್ತದೆ. ಅಗ್ಗದವು ಪ್ಯಾನೆಲ್ಲಿನ ಸ್ಕ್ರೂಗಳಿಗೇ ಜೋತುಬಿದ್ದಿರುತ್ತವೆ. ಅಂಥ ಗಾರ್ಡ್ ಇರುವ ಗಾಡಿ ಬಿದ್ದರೆ ಪೈಪು ಒಳಕ್ಕೆ ಒತ್ತಿ ಪ್ಯಾನೆಲ್ಲನ್ನೇ ಒಡೆಯುತ್ತದೆ. ಗಾರ್ಡ್ ಇಲ್ಲದಿದ್ದರೆ ಬರೀ ಗೀರಿನಲ್ಲಿ ಮುಗಿಯುತ್ತಿತ್ತು. ಪರೀಕ್ಷೆ ಸುಲಭ. ಗಾರ್ಡ್ ಹಿಡಿದು ಜೋರಾಗಿ ಅಲ್ಲಾಡಿಸಿ. ಇಡೀ ಗಾಡಿ ಅಲ್ಲಾಡಬೇಕು, ಗಾರ್ಡ್ ಒಂದೇ ಅಲ್ಲಾಡಬಾರದು. ಉದ್ಯಮಬಾಗದ ಕಡೆ ಪೈಪು ಬಗ್ಗಿಸಿ ವೆಲ್ಡಿಂಗ್ ಮಾಡಿಕೊಡುವವರಿದ್ದಾರೆ. ಅವರ ಹತ್ತಿರ ಮಾಡಿಸುವುದಾದರೆ ತೀರಾ ದಪ್ಪ ಪೈಪು ಕೇಳಬೇಡಿ. ಪೈಪು ಸ್ವಲ್ಪ ಬಗ್ಗಿದರೆ ಪೆಟ್ಟು ಅಲ್ಲೇ ಮುಗಿಯುತ್ತದೆ. ಬಗ್ಗದಿದ್ದರೆ ಪೆಟ್ಟು ನೇರ ಫ್ರೇಮಿಗೆ ಹೋಗುತ್ತದೆ. ಫ್ರೇಮಿಗೆ ಮಾತ್ರ ವೆಲ್ಡಿಂಗ್ ಮಾಡಿಸಲೇಬೇಡಿ, ಬೋಲ್ಟೇ ಸಾಕು. ಪೈಪಿನ ತುದಿ ತೆರೆದಿರಬಾರದು. ಹ್ಯಾಂಡಲ್‌ಗಿಂತ ಹೊರಗೂ ಚಾಚಿರಬಾರದು. ಖಡೇಬಜಾರಿನ ಸಂದಣಿಯಲ್ಲಿ ಇನ್ನೊಬ್ಬರ ಕಾಲಿಗೆ ತಾಗುವುದು ಅದೇ.

ಗಾರ್ಡಿನ ಮೂಲೆಗೆ ಸೈಕಲ್ಲಿನ ಹಳೇ ಟ್ಯೂಬ್ ಕತ್ತರಿಸಿ ಎರಡು ಮೂರು ಸುತ್ತು ಬಿಗಿಯಾಗಿ ಸುತ್ತಿ, ಪ್ಲಾಸ್ಟಿಕ್ ಟೈ ಹಾಕಿ. ಪಂಕ್ಚರ್ ಅಂಗಡಿಯಲ್ಲಿ ಸುಮ್ನೆ ಕೇಳಿದರೂ ಕೊಡುತ್ತಾರೆ. ರಬ್ಬರು ನೆಲ ಹಿಡಿಯುವುದರಿಂದ ಗಾಡಿ ಜಾರಿಕೊಂಡು ಹೋಗುವುದಿಲ್ಲ, ಗೀರು ಉದ್ದ ಆಗುವುದಿಲ್ಲ. ಹ್ಯಾಂಡಲ್ ತುದಿಗೂ ಸುತ್ತಬಹುದು. ಆದರೆ ಬಲಗಡೆ ಸುತ್ತುವಾಗ ಎಚ್ಚರ. ತುದಿಯ ತೂಕದ ತುಂಡಿಗೆ ಮಾತ್ರ ಸುತ್ತಿ, ತಿರುಗುವ ಗ್ರಿಪ್‌ಗೆ ತಾಗಿಸಬೇಡಿ. ತಾಗಿದರೆ ಎಕ್ಸಲರೇಟರ್ ವಾಪಸ್ ಬರದೆ ನಿಲ್ಲಬಹುದು. ಲಿವರ್‌ಗೆ ದಪ್ಪ ಸ್ಪಂಜು ಸುತ್ತುವವರೂ ಇದ್ದಾರೆ. ಅದು ಬೇಡ. ಕಲಿಯುವವರ ಬೆರಳಿಗೆ ಬ್ರೇಕ್ ಎಲ್ಲಿ ಹಿಡಿಯುತ್ತದೆ ಅಂತ ಸರಿಯಾಗಿ ಗೊತ್ತಾಗಬೇಕು.

ಮಿರರ್ ಕಡ್ಡಿಯನ್ನು ಹಿಡಿದಿಡುವ ಚೆಕ್ ನಟ್ಟನ್ನು ಅತಿಯಾಗಿ ಬಿಗಿಯಬೇಡಿ. ಗಾಳಿಗೆ, ಕಂಪನಕ್ಕೆ ತಿರುಗಬಾರದು, ಕೈಯಿಂದ ಜೋರಾಗಿ ತಳ್ಳಿದರೆ ತಿರುಗಬೇಕು. ಆಗ ಬಿದ್ದರೂ ಕನ್ನಡಿ ಮಡಚಿಕೊಳ್ಳುತ್ತದೆ, ಒಡೆಯುವುದಿಲ್ಲ.

ಇನ್ನು ಬೀಳುವ ಗಾಡಿಯನ್ನು ಹಿಡಿದು ನಿಲ್ಲಿಸುವ ವಿಚಾರ. ಪೆಟ್ರೋಲ್ ಸ್ಕೂಟರ್ ಸುಮಾರು 105 ಕೆಜಿ ಇರುತ್ತದೆ. ಅಂದಾಜು ಲೆಕ್ಕ ಹಾಕಿದರೆ, 10 ಡಿಗ್ರಿ ವಾಲಿದಾಗ ಹ್ಯಾಂಡಲ್ ಹತ್ತಿರ 9 ಕೆಜಿಯಷ್ಟು ಬಲ ಹಾಕಿದರೆ ಸಾಕು. 30 ಡಿಗ್ರಿ ವಾಲಿದರೆ 25 ಕೆಜಿಗಿಂತ ಜಾಸ್ತಿ ಬೇಕು, ಅದೂ ಒಂದೇ ಕಾಲಿನ ಮೇಲೆ ನಿಂತು. ಸ್ವಲ್ಪ ವಾಲಿದಾಗಲೇ ತಡೆದರೆ ತಡೆದಂತೆ. ಅಷ್ಟು ದಾಟಿತು ಅಂದರೆ ಬಿಟ್ಟುಬಿಡಿ, ಕಾಲು ಹೊರಗೆ ತೆಗೆಯಿರಿ. ಪ್ಯಾನೆಲ್ ಅಂಗಡಿಯಲ್ಲಿ ಸಿಗುತ್ತದೆ, ಮಂಡಿ ಸಿಗುವುದಿಲ್ಲ. ಹೊಸ ಗಾಡಿ ಅಂತ ಜೀವ ಬಿಟ್ಟು ಹಿಡಿಯಲು ಹೋಗಿ ಮಣಿಕಟ್ಟು, ಸೊಂಟ ನೋಯಿಸಿಕೊಂಡು ಬರುವವರನ್ನು ನೋಡಿದರೆ ಸಂಕಟವಾಗುತ್ತದೆ.

ನಿಂತಾಗ ಬೀಳುವುದನ್ನು ತಪ್ಪಿಸಲು ಎರಡು ಅಭ್ಯಾಸ ಬೇಕು. ಗಾಡಿಯನ್ನು ಹಿಂದೆ ಮುಂದೆ ತಳ್ಳುವಾಗ ಇಂಜಿನ್ ಆಫ್ ಇರಲಿ. ಆನ್ ಇದ್ದರೆ, ಗಾಬರಿಯಲ್ಲಿ ಗ್ರಿಪ್ ಬಿಗಿ ಹಿಡಿದ ಕೈ ತಾನಾಗಿಯೇ ತಿರುಗುತ್ತದೆ. ಇನ್ನೊಂದು, ಕೊನೆಯ ನಾಲ್ಕಡಿ ನಿಲ್ಲುವಾಗ ಹ್ಯಾಂಡಲ್ ನೇರ ಇರಲಿ. ತಿರುಗಿದ ಹ್ಯಾಂಡಲ್ಲಿನಲ್ಲಿ ಮುಂದಿನ ಬ್ರೇಕ್ ಹಿಡಿದರೆ ಗಾಡಿ ಒಳಮಗ್ಗುಲಿಗೆ ಬೀಳುತ್ತದೆ. 2019ರ ಏಪ್ರಿಲ್‌ನಿಂದ 125 ಸಿಸಿವರೆಗಿನ ಹೊಸ ಗಾಡಿಗಳಿಗೆ ಕಂಬೈಂಡ್ ಬ್ರೇಕ್ ಅಥವಾ ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ಬ್ರೇಕ್) ಕಡ್ಡಾಯವಾಯಿತು. ಕಂಬೈಂಡ್ ಬ್ರೇಕ್ ಇರುವ ಸ್ಕೂಟರ್‌ಗಳಲ್ಲಿ ಎಡ ಲಿವರ್ ಹಿಡಿದರೂ ಮುಂದಿನ ಬ್ರೇಕ್ ಸ್ವಲ್ಪ ಹಿಡಿಯುತ್ತದೆ. ಹಾಗಾಗಿ "ನಾನು ಹಿಂದಿನದಷ್ಟೇ ಹಿಡಿದೆ" ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಮಳೆಗಾಲದಲ್ಲಿ ನಮ್ಮೂರಿನ ಕೆಂಪು ಮಣ್ಣು ಮೆತ್ತಗಾಗಿ ಸೈಡ್ ಸ್ಟ್ಯಾಂಡ್ ಇಳಿದುಬಿಡುತ್ತದೆ. ಡಿಕ್ಕಿಯಲ್ಲಿ ಅಂಗೈಯಗಲದ ಫರಸಿ ಕಲ್ಲಿನ ತುಂಡೊಂದು ಇಟ್ಟುಕೊಳ್ಳಿ, ಸ್ಟ್ಯಾಂಡ್ ಕೆಳಗೆ ಹಾಕಲು.

ಬಿದ್ದೇ ಬಿಟ್ಟಿತು ಅನ್ನೋಣ. ಮೊದಲು ಕೀ ಆಫ್ ಮಾಡಿ. ಬಲಕ್ಕೆ ಬಿದ್ದಿದ್ದರೆ, ಎತ್ತುವ ಮೊದಲೇ ಸೈಡ್ ಸ್ಟ್ಯಾಂಡ್ ತೆರೆದಿಡಿ. ಇಲ್ಲದಿದ್ದರೆ ಎತ್ತಿದ ರಭಸಕ್ಕೆ ಆ ಕಡೆಗೂ ಬೀಳುತ್ತದೆ. ಸೈಲೆನ್ಸರ್ ಬಲಬದಿಯಲ್ಲೇ ಇರುತ್ತದೆ, ಸುಡುತ್ತದೆ, ಕೈ ನೋಡಿಕೊಳ್ಳಿ. ಎಡಕ್ಕೆ ಬಿದ್ದಿದ್ದರೆ ಬ್ರೇಕ್ ಹಿಡಿದು ಎತ್ತಿ. ಎತ್ತಿದ ಕೂಡಲೇ ಸೆಲ್ಫ್ ಒತ್ತಬೇಡಿ. ಐದು ನಿಮಿಷ ಬಿಡಿ, ಆಯಿಲ್ ಕೆಳಗಿಳಿಯಲಿ. ಪೆಟ್ರೋಲ್ ವಾಸನೆ ಇದ್ದರೆ ಅದು ಹೋಗುವವರೆಗೂ ಕಾಯಿರಿ. ಎಡಗಡೆ ತುಂಬಾ ಹೊತ್ತು ಬಿದ್ದಿದ್ದರೆ ಏರ್ ಫಿಲ್ಟರ್ ಡಬ್ಬಿಗೆ ಆಯಿಲ್ ಹೋಗಿ ಸ್ವಲ್ಪ ಹೊಗೆ ಬರಬಹುದು. ಹೊಗೆ ನಿಲ್ಲದಿದ್ದರೆ ಫಿಲ್ಟರ್ ಬಿಚ್ಚಿ ನೋಡಿಸಿ. ಹಲವು ಫ್ಯೂಯೆಲ್ ಇಂಜೆಕ್ಷನ್ ಗಾಡಿಗಳಲ್ಲಿ ವಾಲಿದರೆ ಇಂಜಿನ್ ನಿಲ್ಲಿಸುವ ಸೆನ್ಸರ್ ಇರುತ್ತದೆ. ಅಂಥವು ಕೀ ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಮಾತ್ರ ಶುರುವಾಗುತ್ತವೆ.

ಆಮೇಲೆ ಎಲ್ಲರ ಕಣ್ಣು ಹೋಗುವುದು ಗೀರಿನ ಕಡೆಗೆ. ದಯವಿಟ್ಟು ಮೊದಲು ಎಕ್ಸಲರೇಟರ್ ನೋಡಿ. ಬಲಕ್ಕೆ ಬಿದ್ದಾಗ ಹ್ಯಾಂಡಲ್ ತುದಿಯ ತೂಕ ಒಳಕ್ಕೆ ಒತ್ತಿ ಗ್ರಿಪ್ ಉಜ್ಜುತ್ತಿರಬಹುದು. ಇಂಜಿನ್ ಆಫ್ ಇಟ್ಟು, ಗ್ರಿಪ್ ಪೂರ್ತಿ ತಿರುಗಿಸಿ ಕೈ ಬಿಡಿ. ಟಪ್ ಅಂತ ವಾಪಸ್ ಬರಬೇಕು. ಹ್ಯಾಂಡಲ್ಲನ್ನು ಎಡಕ್ಕೆ ಪೂರ್ತಿ ತಿರುಗಿಸಿ ಒಮ್ಮೆ, ಬಲಕ್ಕೆ ತಿರುಗಿಸಿ ಒಮ್ಮೆ ನೋಡಿ. ನಿಧಾನ ಬಂದರೂ ಆ ಗಾಡಿ ಓಡಿಸಬೇಡಿ, ತಳ್ಳಿಕೊಂಡೇ ಗ್ಯಾರೇಜಿಗೆ ತನ್ನಿ. ಎರಡನೆಯದು ಬ್ರೇಕ್. ಡ್ರಮ್ ಬ್ರೇಕಿನ ಲಿವರ್ ತುದಿಯಲ್ಲಿ ಸಾಮಾನ್ಯವಾಗಿ 10ರಿಂದ 20 ಮಿ.ಮೀ. ಸಡಿಲ ಇರಬೇಕು. ಬಗ್ಗಿದ ಲಿವರ್ ಗ್ರಿಪ್‌ಗೆ ತಾಗುತ್ತಿದ್ದರೆ ಬ್ರೇಕ್ ಪೂರ್ತಿ ಹಿಡಿಯುವುದಿಲ್ಲ. ಅದನ್ನು ಸುತ್ತಿಗೆಯಲ್ಲಿ ನೆಟ್ಟಗೆ ಮಾಡಿಸಬೇಡಿ. ಅದು ಎರಕದ ಅಲ್ಯೂಮಿನಿಯಂ, ಒಳಗೆ ಬಿರುಕು ಬಿಟ್ಟು ಮುಂದೊಂದು ದಿನ ಜೋರಾಗಿ ಬ್ರೇಕ್ ಹಿಡಿದಾಗಲೇ ತುಂಡಾಗುತ್ತದೆ. ಬೇರೆಯದನ್ನೇ ಹಾಕಿಸಿ. ಮೂರನೆಯದು, ಮುಂದಿನ ಚಕ್ರ ನೇರ ಇದ್ದಾಗ ಹ್ಯಾಂಡಲ್ ಕೂಡ ನೇರ ಇದೆಯಾ ಅಂತ. ಎಲೆಕ್ಟ್ರಿಕ್ ಗಾಡಿಯಾದರೆ ಬಗ್ಗಿ ತಳವನ್ನೂ ನೋಡಿ. ಹಲವು ಗಾಡಿಗಳ ಬ್ಯಾಟರಿ ಕಾಲಿಡುವ ಜಾಗದ ಕೆಳಗೇ ಇರುತ್ತದೆ. ಕಲ್ಲಿಗೆ ತಾಗಿ ಕವರ್ ಬಿರಿದಿದ್ದರೆ ಕಂಪನಿ ಸರ್ವಿಸ್‌ನವರಿಗೆ ತೋರಿಸುವ ಮೊದಲು ಚಾರ್ಜಿಗೆ ಹಾಕಬೇಡಿ.

ಗೀರಿನ ವಿಷಯಕ್ಕೆ ಬಂದರೆ, ಕಲಿಯುವುದು ಮುಗಿಯುವವರೆಗೆ ಪೇಂಟ್ ಮಾಡಿಸಬೇಡಿ. ತಗಡಿನ ಪ್ಯಾನೆಲ್ ಆಗಿದ್ದು ಪೇಂಟ್ ಕಿತ್ತು ತಗಡು ಕಾಣುತ್ತಿದ್ದರೆ ಅಲ್ಲಿಗಷ್ಟೇ ಟಚಪ್ ಹಚ್ಚಿ, ಇಲ್ಲದಿದ್ದರೆ ಬೆಳಗಾವಿಯ ಮಳೆಗೆ ಒಂದೇ ಸೀಸನ್ನಿನಲ್ಲಿ ತುಕ್ಕು ಹಿಡಿಯುತ್ತದೆ. ಫೈಬರ್ (ಪ್ಲಾಸ್ಟಿಕ್) ಪ್ಯಾನೆಲ್‌ಗೆ ತುಕ್ಕಿಲ್ಲ, ಆದರೆ ಒಳಗಿನ ಕ್ಲಿಪ್ ಮುರಿದಿದ್ದರೆ ಬಡಬಡ ಸದ್ದು ಶುರುವಾಗಿ ಬಿರುಕು ದೊಡ್ಡದಾಗುತ್ತದೆ. ಅದನ್ನು ಬೇಗ ಕೂರಿಸಿ.

ಇಂಥ ಸಣ್ಣ ಗಾಯಕ್ಕೆ ಇನ್ಶೂರೆನ್ಸ್ ಕ್ಲೇಮ್ ಮಾಡುವ ಮೊದಲು ಲೆಕ್ಕ ಹಾಕಿ. ಝೀರೋ ಡೆಪ್ (ಭಾಗ ಹಳೆಯದಾಯಿತೆಂದು ಬೆಲೆ ಕಡಿತ ಮಾಡದ ಸೌಲಭ್ಯ) ಇಲ್ಲದ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳ ಬೆಲೆಯಲ್ಲಿ 50% ಕಡಿತವಾಗುತ್ತದೆ. ಮೊದಲ ವರ್ಷ ಕ್ಲೇಮ್ ಇಲ್ಲದಿದ್ದರೆ ಸಿಗುವ 20% ನೋ ಕ್ಲೇಮ್ ಬೋನಸ್ಸೂ ಹೋಗುತ್ತದೆ. ಬರೀ ಲಿವರ್, ಮಿರರ್ ಹೋಗಿದ್ದರೆ ಕೈಯಿಂದ ಕೊಡುವುದೇ ಲಾಭ. ಹ್ಯಾಂಡಲ್ ಅಥವಾ ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಬಗ್ಗಿದ್ದರೆ ಮಾತ್ರ ಬಿಚ್ಚಿಸುವ ಮೊದಲೇ ಫೋಟೋ ತೆಗೆದು, ಇನ್ಶೂರೆನ್ಸ್ ಕಂಪನಿಗೆ ತಿಳಿಸಿ, ಅವರ ಸರ್ವೇಯರ್ ನೋಡಿದ ಮೇಲೆಯೇ ಕೆಲಸ ಶುರುಮಾಡಿಸಿ.